ಬರ್ಲಿನ್, ಆಮ್‌ಸ್ಟರ್‌ಡ್ಯಾಮ್, ಡಬ್ಲಿನ್: ಆಫರ್ ಕೈಗೆ ಬಂದಾಗ ಯಾವ ಊರನ್ನು ಆರಿಸಬೇಕು?

ಮೂರೂ ಊರಿಂದ ವರ್ಷಕ್ಕೆ 80 ಸಾವಿರ ಯೂರೋ ಆಫರ್ ಬಂದಿದೆ ಎಂದುಕೊಳ್ಳಿ. ಒಬ್ಬರೇ ಹೋಗುವವರಿಗೆ, 2025ರ ದರದ ಪ್ರಕಾರ, ಬರ್ಲಿನ್‌ನಲ್ಲಿ ತಿಂಗಳಿಗೆ ಕೈಗೆ ಬರುವುದು ಹೆಚ್ಚುಕಡಿಮೆ 4,000 ಯೂರೋ. ಡಬ್ಲಿನ್‌ನಲ್ಲಿ 4,600ರ ಆಸುಪಾಸು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ 4,450, ಅಲ್ಲಿ ‘30 ಪರ್ಸೆಂಟ್ ರೂಲಿಂಗ್’ ಎಂಬ ತೆರಿಗೆ ರಿಯಾಯಿತಿ ಸಿಕ್ಕರೆ ಅದೇ 5,450 ದಾಟುತ್ತದೆ. ಇಷ್ಟು ನೋಡಿಯೇ ಆಮ್‌ಸ್ಟರ್‌ಡ್ಯಾಮ್‌ಗೆ ಸಹಿ ಹಾಕಿಬಿಡಬೇಡಿ. ಬರ್ಲಿನ್‌ನ ನಾಲ್ಕು ಸಾವಿರ ಎಂದರೆ ಆರೋಗ್ಯ ವಿಮೆಯ ಕಂತೂ ಕಳೆದು ಉಳಿದದ್ದು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಆ ಕಂತನ್ನು ಕೈಗೆ ಬಂದ ದುಡ್ಡಿನಿಂದ ನೀವೇ ಕಟ್ಟಬೇಕು, ತಲೆಗೆ ತಿಂಗಳಿಗೆ ಸುಮಾರು 160 ಯೂರೋ.

ಗಂಡ ಹೆಂಡತಿಯಲ್ಲಿ ಒಬ್ಬರೇ ದುಡಿಯುವ ಮನೆಯಾದರೆ ಲೆಕ್ಕ ಇನ್ನೂ ಬದಲಾಗುತ್ತದೆ. ಜರ್ಮನಿಯಲ್ಲಿ ‘ಟ್ಯಾಕ್ಸ್ ಕ್ಲಾಸ್ 3’ ತೆಗೆದುಕೊಂಡರೆ 4,000 ಇದ್ದದ್ದು 4,500ಕ್ಕೆ ಏರುತ್ತದೆ. ಸಂಗಾತಿ ಜರ್ಮನಿಗೆ ಬಂದು ನೆಲೆಸಿದ ಮೇಲೆ ಮಾತ್ರ. ಬೆಂಗಳೂರಿನಲ್ಲೇ ಇದ್ದರೆ ಇಲ್ಲ. ಐರ್ಲೆಂಡ್‌ನಲ್ಲಿ ಇಬ್ಬರ ತೆರಿಗೆ ಒಟ್ಟಿಗೆ ಲೆಕ್ಕ ಹಾಕಿಸಿದರೆ 4,900. ನೆದರ್ಲೆಂಡ್ಸ್‌ನಲ್ಲಿ ಈ ಬಗೆಯ ದಂಪತಿ ಲೆಕ್ಕವಿಲ್ಲ. ರೂಲಿಂಗ್ ಇದ್ದರೆ ಇಬ್ಬರ ವಿಮೆ ಕಳೆದು 5,150 ಉಳಿಯುತ್ತದೆ. ಇಲ್ಲದಿದ್ದರೆ ಉಳಿಯುವುದು 4,150ಕ್ಕೂ ಕಡಿಮೆ, ಅಂದರೆ ಮೂರರಲ್ಲಿ ಕೊನೆಯ ಸ್ಥಾನ. ಹಾಗಾಗಿ ಆಮ್‌ಸ್ಟರ್‌ಡ್ಯಾಮ್ ಆಫರ್ ಚೆನ್ನಾಗಿದೆಯೋ ಇಲ್ಲವೋ ಎಂಬುದು ಮೂಲತಃ ಆ ಒಂದು ರಿಯಾಯಿತಿಯ ಮೇಲೆ ನಿಂತಿದೆ. ಮೊದಲು ಅದನ್ನೇ ಬಿಡಿಸಿ ನೋಡೋಣ.

30 ಪರ್ಸೆಂಟ್ ರೂಲಿಂಗ್ ಎಲ್ಲಿ ಕೈತಪ್ಪುತ್ತದೆ

ಸಂಬಳದ ಶೇ. 30ರವರೆಗಿನ ಭಾಗಕ್ಕೆ ಐದು ವರ್ಷ ತೆರಿಗೆ ಇಲ್ಲ. 2027ರಿಂದ ಇದು ಶೇ. 27ಕ್ಕೆ ಇಳಿಯುತ್ತದೆ. 80 ಸಾವಿರ ಸಂಬಳಕ್ಕೆ ವರ್ಷಕ್ಕೆ ಉಳಿಯುವುದು ಸುಮಾರು 12 ಸಾವಿರ ಯೂರೋ. ಷರತ್ತುಗಳು ಸರಳವಾಗಿ ಕಾಣುತ್ತವೆ, ಎಡವುವವರೂ ಅಲ್ಲೇ ಎಡವುತ್ತಾರೆ.

ಮೊದಲನೆಯದು, ಕೆಲಸದ ಕರಾರಿಗೆ ಸಹಿ ಹಾಕುವಾಗ ನೀವು ನೆದರ್ಲೆಂಡ್ಸ್‌ನ ಹೊರಗೆ ವಾಸವಿರಬೇಕು. ಸಂಗಾತಿಯ ವೀಸಾದ ಮೇಲೆ ಮೊದಲು ಅಲ್ಲಿಗೆ ಹೋಗಿ ನೆಲೆಸಿ, ಆಮೇಲೆ ಕೆಲಸ ಹುಡುಕಿಕೊಂಡವರಿಗೆ ಸಾಮಾನ್ಯವಾಗಿ ಇದು ಸಿಗುವುದಿಲ್ಲ. ಇಬ್ಬರೂ ಇಂಜಿನಿಯರ್ ಆಗಿದ್ದರೆ ಎರಡನೆಯವರೂ ಬೆಂಗಳೂರಿನಲ್ಲಿರುವಾಗಲೇ ಕೆಲಸ ಹುಡುಕಿ ಸಹಿ ಹಾಕುವುದು ಜಾಣತನ. ಎರಡನೆಯದು, ಹಿಂದಿನ 24 ತಿಂಗಳಲ್ಲಿ 16ಕ್ಕಿಂತ ಹೆಚ್ಚು ತಿಂಗಳು ಡಚ್ ಗಡಿಯಿಂದ 150 ಕಿಲೋಮೀಟರಿಗಿಂತ ದೂರ ವಾಸವಾಗಿದ್ದಿರಬೇಕು. ಕರ್ನಾಟಕದಿಂದ ಹೋಗುವವರಿಗೆ ಇದು ಅಡ್ಡಿಯಲ್ಲ, ಬೆಲ್ಜಿಯಮ್‌ನಲ್ಲಿ ಆನ್‌ಸೈಟ್ ಇದ್ದು ಅಲ್ಲಿಂದಲೇ ಕೆಲಸ ಬದಲಿಸುವವರಿಗೆ ಅಡ್ಡಿ. ಮೂರನೆಯದು, ರಿಯಾಯಿತಿ ಕಳೆದ ಮೇಲೂ ತೆರಿಗೆಗೆ ಒಳಪಡುವ ಸಂಬಳ 2025ರಲ್ಲಿ 46,660 ಯೂರೋ ಇರಬೇಕಿತ್ತು. ಪೂರ್ತಿ ಶೇ. 30 ಸಿಗಬೇಕಾದರೆ ಒಟ್ಟು ಸಂಬಳ 66,700ರಷ್ಟಿರಬೇಕು ಎಂದಾಯಿತು. ನಾಲ್ಕನೆಯದು ಗಡುವು: ಕೆಲಸಕ್ಕೆ ಸೇರಿದ ನಾಲ್ಕು ತಿಂಗಳೊಳಗೆ ಕಂಪನಿಯ ಜೊತೆ ಸೇರಿ ಅರ್ಜಿ ಹಾಕಿದರೆ ಮೊದಲ ದಿನದಿಂದ ಅನ್ವಯ. ತಡವಾದರೆ ಹಿಂದಿನ ತಿಂಗಳುಗಳ ರಿಯಾಯಿತಿ ಹೋಯಿತು.

ಇದರ ಪಕ್ಕದಲ್ಲೇ ಇನ್ನೊಂದು ಗುಂಡಿ ಇದೆ. ಡಚ್ ಆಫರ್ ಲೆಟರಿನಲ್ಲಿ ಬರೆದ ವಾರ್ಷಿಕ ಮೊತ್ತದಲ್ಲಿ ಶೇ. 8ರ ರಜಾ ಭತ್ಯೆ ಸೇರಿದೆಯೇ ಎಂದು ಕೇಳಿ. ಬಹುತೇಕ ಕಂಪನಿಗಳು ಅದನ್ನು ಮೇ ತಿಂಗಳಲ್ಲಿ ಒಟ್ಟಿಗೆ ಕೊಡುತ್ತವೆ. ಆದರೆ ‘ಹೈಲಿ ಸ್ಕಿಲ್ಡ್ ಮೈಗ್ರೆಂಟ್’ ವೀಸಾದ ಕನಿಷ್ಠ ಸಂಬಳ (30 ವರ್ಷ ತುಂಬಿದವರಿಗೆ 2025ರಲ್ಲಿ ತಿಂಗಳಿಗೆ 5,688, ಅದಕ್ಕಿಂತ ಚಿಕ್ಕವರಿಗೆ 4,171) ಈ ಭತ್ಯೆಯನ್ನು ಬಿಟ್ಟು ನೋಡುತ್ತದೆ. ‘ಎಲ್ಲ ಸೇರಿ 70 ಸಾವಿರ’ ಎಂಬ ಆಫರನ್ನು ಬಿಡಿಸಿದರೆ ಮಾಸಿಕ 5,400 ಆಗುತ್ತದೆ. 32 ವರ್ಷದವರಿಗೆ ಆ ಸಂಬಳಕ್ಕೆ ವೀಸಾ ಸಿಗುವುದೇ ಇಲ್ಲ. ಅದೇ ಸಂಬಳಕ್ಕೆ ಜರ್ಮನಿಯ ಬ್ಲೂ ಕಾರ್ಡ್ (ಪದವೀಧರ ಕೆಲಸಗಾರರಿಗೆ ಕೊಡುವ ವಾಸದ ಪರವಾನಗಿ) ಆರಾಮವಾಗಿ ಸಿಗುತ್ತದೆ: 2025ರಲ್ಲಿ ಅದರ ಮಿತಿ ವರ್ಷಕ್ಕೆ 48,300, ಐಟಿಯಂಥ ಕೊರತೆಯ ಕ್ಷೇತ್ರಗಳಿಗೆ 43,759.80. ಇಂಥ ಮಿತಿಗಳನ್ನು ಆಗಾಗ, ಹೆಚ್ಚಾಗಿ ಜನವರಿಯಲ್ಲಿ, ಪರಿಷ್ಕರಿಸುತ್ತಾರೆ. ಡಿಸೆಂಬರ್‌ನಲ್ಲಿ ಆಫರ್ ಬಂದರೆ ಹೊಸ ವರ್ಷದ ಅಂಕಿಯನ್ನೇ ನೋಡಿ.

ವಿಳಾಸವಿಲ್ಲದೆ ನಂಬರಿಲ್ಲ, ನಂಬರಿಲ್ಲದೆ ಸಂಬಳವಿಲ್ಲ

ಮೂರೂ ಊರಿನ ಮೊದಲ ಮೂರು ತಿಂಗಳ ಗೋಳು ಒಂದೇ. ಬಾಡಿಗೆ ಮನೆಯವರು ಸಂಬಳದ ಚೀಟಿ ಕೇಳುತ್ತಾರೆ, ಸಂಬಳ ಸರಿಯಾಗಿ ಬರಲು ಸರ್ಕಾರಿ ನಂಬರು ಬೇಕು, ನಂಬರು ಕೊಡುವ ಕಚೇರಿ ಮನೆಯ ವಿಳಾಸ ಕೇಳುತ್ತದೆ. ಈ ಗಂಟನ್ನು ಎಲ್ಲಿ ಬಿಚ್ಚಬೇಕು ಎಂಬುದು ಮಾತ್ರ ಊರಿಂದ ಊರಿಗೆ ಬೇರೆ.

ಬರ್ಲಿನ್‌ನಲ್ಲಿ ಇದಕ್ಕೆ ‘ಆನ್‌ಮೆಲ್ಡುಂಗ್’ ಎಂದು ಹೆಸರು. ಮನೆಗೆ ಹೋದ ಎರಡು ವಾರದೊಳಗೆ ಬ್ಯುರ್ಗರ್‌ಆಮ್ಟ್ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಮನೆ ಕೊಟ್ಟವರು ಸಹಿ ಮಾಡಿದ ‘ಇವರು ಇಲ್ಲಿ ವಾಸಕ್ಕೆ ಬಂದಿದ್ದಾರೆ’ ಎಂಬ ಪತ್ರವಿಲ್ಲದೆ ನೋಂದಣಿ ಆಗದು. ಬಾಡಿಗೆ ಕರಾರು ತೋರಿಸಿದರೆ ಸಾಲದು. ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಡುವ ಮನೆಯವರು ಈ ಪತ್ರ ಕೊಡುವುದು ಅಪರೂಪ. ಮೊದಲ ಮೂರು ತಿಂಗಳಿಗೆ ಫರ್ನಿಶ್ಡ್ ಮನೆ ಬುಕ್ ಮಾಡುವಾಗ ‘ಆನ್‌ಮೆಲ್ಡುಂಗ್ ಮಾಡಬಹುದೇ’ ಎಂದು ಬರವಣಿಗೆಯಲ್ಲಿ ಕೇಳಿಕೊಳ್ಳಿ. ಕಚೇರಿಯ ಅಪಾಯಿಂಟ್‌ಮೆಂಟ್ ಎರಡು ವಾರದೊಳಗೆ ಸಿಗದಿರುವುದು ಮಾಮೂಲು, ಬುಕ್ ಮಾಡಿದ ಪುರಾವೆ ಇಟ್ಟುಕೊಂಡರೆ ಸಾಕು. ಬೆಳಿಗ್ಗೆ ವೆಬ್‌ಸೈಟನ್ನು ಮತ್ತೆ ಮತ್ತೆ ತೆರೆದು ನೋಡಿದರೆ ಯಾರೋ ಬಿಟ್ಟುಕೊಟ್ಟ ಹೊತ್ತು ಸಿಗುತ್ತದೆ, ಊರಿನ ಯಾವ ಮೂಲೆಯ ಕಚೇರಿಯಾದರೂ ನಡೆಯುತ್ತದೆ. ನೋಂದಣಿಯಾದ ಕೆಲವು ವಾರಕ್ಕೆ 11 ಅಂಕಿಯ ತೆರಿಗೆ ನಂಬರು ಅಂಚೆಯಲ್ಲಿ ಬರುತ್ತದೆ. ಅದು ಕಂಪನಿಗೆ ತಲುಪದಿದ್ದರೆ ಅತಿ ಹೆಚ್ಚು ತೆರಿಗೆಯ ಕ್ಲಾಸ್ 6ರಲ್ಲಿ ಸಂಬಳ ಕತ್ತರಿಸಬಹುದು. ಕಳೆದ ದುಡ್ಡು ಮುಂದಿನ ತಿಂಗಳುಗಳಲ್ಲೋ ವಾರ್ಷಿಕ ರಿಟರ್ನ್‌ನಲ್ಲೋ ವಾಪಸಾಗುತ್ತದೆ, ನಿಜ. ಆದರೆ ಠೇವಣಿ ಕಟ್ಟಬೇಕಾದ ತಿಂಗಳಲ್ಲೇ ಅದು ಕೈಯಲ್ಲಿರುವುದಿಲ್ಲ.

ಒಂದು ಸಣ್ಣ ವಿಷಯ, ದೊಡ್ಡ ತಲೆನೋವು: ಜರ್ಮನ್ ಅಂಚೆಯವರು ಮನೆ ನಂಬರಿಗಲ್ಲ, ಡಬ್ಬಿಯ ಮೇಲಿನ ಹೆಸರಿಗೆ ಪತ್ರ ಹಾಕುತ್ತಾರೆ. ಮನೆಗೆ ಕಾಲಿಟ್ಟ ದಿನವೇ ಅಂಚೆ ಡಬ್ಬಿಗೂ ಕಾಲಿಂಗ್ ಬೆಲ್ಲಿಗೂ ನಿಮ್ಮ ಹೆಸರಿನ ಚೀಟಿ ಅಂಟಿಸಿ. ಇಲ್ಲದಿದ್ದರೆ ತೆರಿಗೆ ನಂಬರು, ಬ್ಯಾಂಕ್ ಕಾರ್ಡು, ವಿಮೆಯ ಕಾರ್ಡು ಎಲ್ಲ ಬಂದ ದಾರಿಗೆ ಸುಂಕವಿಲ್ಲದೆ ವಾಪಸು. ಆನ್‌ಮೆಲ್ಡುಂಗ್ ಫಾರಮ್ಮಿನಲ್ಲಿ ಧರ್ಮದ ಕಾಲಮ್ಮನ್ನೂ ಗಮನಿಸಿ. ಮಂಗಳೂರಿನ ಕ್ಯಾಥೊಲಿಕರು ಅಲ್ಲಿ ರೋಮನ್ ಕ್ಯಾಥೊಲಿಕ್ ಎಂದು ಬರೆದರೆ ಬರ್ಲಿನ್‌ನಲ್ಲಿ ಆದಾಯ ತೆರಿಗೆಯ ಶೇ. 9ರಷ್ಟು ಚರ್ಚ್ ತೆರಿಗೆ ಪ್ರತಿ ತಿಂಗಳೂ ಕಡಿತವಾಗುತ್ತದೆ. ಬರೆಯಬೇಕೋ ಬೇಡವೋ ಅವರವರ ಮನಸ್ಸು, ಗೊತ್ತಿದ್ದು ಬರೆಯಲಿ ಎಂಬುದಷ್ಟೇ ಮಾತು.

ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವೀಸಾದ ಕೆಲಸ ಮೂರರಲ್ಲೇ ಹಗುರ. ಮಾನ್ಯತೆ ಪಡೆದ ಕಂಪನಿಯೇ ಅರ್ಜಿ ಹಾಕುತ್ತದೆ, ನೀವು ಪಾಸ್‌ಪೋರ್ಟಿಗೆ ಸ್ಟಿಕ್ಕರ್ ಹಾಕಿಸಿಕೊಂಡು ಹೊರಡುವುದು. ‘ಇನ್ ಆಮ್‌ಸ್ಟರ್‌ಡ್ಯಾಮ್’ ಎಂಬ ಕೇಂದ್ರದಲ್ಲಿ ವಲಸೆ ಇಲಾಖೆಯ ಕೆಲಸ, ನಗರಸಭೆ ನೋಂದಣಿ ಎರಡೂ ಒಂದೇ ಭೇಟಿಯಲ್ಲಿ ಮುಗಿದು ಬಿಎಸ್‌ಎನ್ ಎಂಬ ಸರ್ಕಾರಿ ನಂಬರು ಸಿಗುತ್ತದೆ. ಗಂಟು ಇರುವುದು ಮನೆಯಲ್ಲಿ: ‘ಇಲ್ಲಿ ನೋಂದಣಿ ಮಾಡುವಂತಿಲ್ಲ’ ಎಂಬ ಷರತ್ತಿನ ಬಾಡಿಗೆಗಳು ಅಲ್ಲಿ ಸಾಕಷ್ಟಿವೆ. ಬಾಡಿಗೆ ಎಷ್ಟೇ ಕಡಿಮೆಯಿರಲಿ, ಅಂಥ ಮನೆಯನ್ನು ಒಪ್ಪಬೇಡಿ.

ಡಬ್ಲಿನ್‌ನಲ್ಲಿ ಬೇಕಾದದ್ದು ಪಿಪಿಎಸ್ ಎಂಬ ಸರ್ಕಾರಿ ನಂಬರು. ಅಲ್ಲಿಗೆ ತಲುಪಿದ ಮೇಲೆ, ವಿಳಾಸದ ಪುರಾವೆ ಮತ್ತು ಕೆಲಸದ ಪತ್ರ ಇಟ್ಟು ಅರ್ಜಿ ಹಾಕಬೇಕು. ನಂಬರು ಬಂದರೆ ಮುಗಿಯಲಿಲ್ಲ, ತೆರಿಗೆ ಇಲಾಖೆಯ ಆನ್‌ಲೈನ್ ಖಾತೆಯಲ್ಲಿ ಈ ಕೆಲಸವನ್ನು ನೀವೇ ದಾಖಲಿಸಬೇಕು. ಬಹಳ ಜನ ಮರೆಯುವುದು ಈ ಎರಡನೆಯ ಹೆಜ್ಜೆಯನ್ನು. ಆಗ ‘ಎಮರ್ಜೆನ್ಸಿ ಟ್ಯಾಕ್ಸ್’ ಬೀಳುತ್ತದೆ, ನಂಬರೇ ಕೊಡದಿದ್ದರೆ ಇಡೀ ಸಂಬಳಕ್ಕೆ ಶೇ. 40.

ಖಾಲಿ ಮನೆ ಎಂದರೆ ಎಷ್ಟು ಖಾಲಿ?

ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಅಲ್ಲಿನ ಠೇವಣಿ ದೊಡ್ಡದೆನಿಸದು. ಜರ್ಮನಿಯಲ್ಲಿ ಗರಿಷ್ಠ ಮೂರು ತಿಂಗಳ ‘ಕಾಲ್ಟ್‌ಮೀಟೆ’, ಅಂದರೆ ಹೀಟಿಂಗ್, ನೀರು, ಕಸ ಇತ್ಯಾದಿ ಸೇರದ ಬಾಡಿಗೆ. ಅದನ್ನೂ ಮೂರು ಕಂತಿನಲ್ಲಿ ಕಟ್ಟುವ ಹಕ್ಕು ಕಾನೂನಿನಲ್ಲೇ ಇದೆ. ನೆದರ್ಲೆಂಡ್ಸ್‌ನಲ್ಲಿ ಗರಿಷ್ಠ ಎರಡು ತಿಂಗಳು. ಐರ್ಲೆಂಡ್‌ನಲ್ಲಿ ಒಂದು ತಿಂಗಳ ಠೇವಣಿ, ಒಂದು ತಿಂಗಳ ಮುಂಗಡ ಬಾಡಿಗೆ, ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ.

ದುಡ್ಡು ಸೋರುವುದು ಬೇರೆ ಕಡೆ. ಬರ್ಲಿನ್‌ನಲ್ಲಿ ಖಾಲಿ ಮನೆಯೆಂದರೆ ಅಡುಗೆಮನೆಯೂ ಇಲ್ಲದ ಮನೆ ಇರಬಹುದು: ಗೋಡೆಯಲ್ಲಿ ನೀರಿನ ಪೈಪು, ಸ್ವಿಚ್ಚು, ಅಷ್ಟೇ. ಒಲೆ, ಸಿಂಕು, ಕಪಾಟು, ಕೆಲವು ಕಡೆ ಬಲ್ಬಿನ ಹೋಲ್ಡರೂ ನಿಮ್ಮದೇ. ಹಿಂದಿನ ಬಾಡಿಗೆದಾರರು ತಮ್ಮ ಅಡುಗೆಮನೆಯನ್ನು ನಿಮಗೇ ಮಾರುವುದುಂಟು; ಜಾಹೀರಾತಿನಲ್ಲಿ ‘ಐನ್‌ಬೌಕ್ಯುಶೆ’ ಎಂದಿದ್ದರೆ ಮನೆಯ ಜೊತೆಗೇ ಇದೆ ಎಂದರ್ಥ. ಡಚ್ಚರು ಇನ್ನೊಂದು ಹೆಜ್ಜೆ ಮುಂದೆ. ಅಲ್ಲಿ ‘ಕಾಲ್’ ಎಂದರೆ ನೆಲಹಾಸೂ ಪರದೆಯೂ ಇಲ್ಲದ ಬರೀ ಕಾಂಕ್ರೀಟು. ‘ಗೆಸ್ಟೊಫೇರ್ಡ್’ ಎಂದರೆ ನೆಲಹಾಸು, ಪರದೆ ಇದೆ. ‘ಗೆಮ್ಯೂಬಿಲೇರ್ಡ್’ ಎಂದರೆ ಮಂಚ, ಸೋಫಾ ಸಹಿತ. ಹೊಸದಾಗಿ ಹೋಗುವವರು ನಡುವಿನದನ್ನು ಹುಡುಕಬೇಕು, ಎರಡು ವರ್ಷ ಇರುವುದಾದರೆ ಅದೇ ಅಗ್ಗ. ಡಬ್ಲಿನ್‌ನಲ್ಲಿ ಬಾಡಿಗೆ ಮನೆಗೆ ಫರ್ನಿಚರ್ ಸೇರಿಯೇ ಇರುವುದು ರೂಢಿ. ಆ ಮಟ್ಟಿಗೆ ಸೂಟ್‌ಕೇಸ್ ಹಿಡಿದು ಒಳಗೆ ಹೋದರಾಯಿತು, ಆದರೆ ಮನೆ ಸಿಗುವುದೇ ಕಷ್ಟ. ಒಂದು ಬೆಡ್‌ರೂಮಿಗೆ 2,000 ಯೂರೋ ಮೀರುವುದು ಅಲ್ಲಿ ಸಾಮಾನ್ಯ, ಒಂದೇ ಮನೆ ನೋಡಲು ಬಾಗಿಲಲ್ಲಿ ಸಾಲು ನಿಂತಿರುತ್ತದೆ. ಕಂಪನಿ ಮೊದಲ ಒಂದೂವರೆ ಎರಡು ತಿಂಗಳ ವಸತಿ ಕೊಡದಿದ್ದರೆ ಡಬ್ಲಿನ್ ಆಫರನ್ನು ಕುಟುಂಬಸ್ಥರು ಒಪ್ಪಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಮೋಸದ ಮಾದರಿ ಮೂರೂ ಊರಿನಲ್ಲಿ ಒಂದೇ: ಮನೆ ಚಂದ, ಬಾಡಿಗೆ ಕಡಿಮೆ, ಓನರ್ ಸದ್ಯ ಬೇರೆ ದೇಶದಲ್ಲಿದ್ದಾರೆ, ಠೇವಣಿ ಕಳಿಸಿದರೆ ಕೀ ಕೊರಿಯರ್‌ನಲ್ಲಿ ಬರುತ್ತದೆ. ಮನೆಯೊಳಗೆ ನೀವೋ ನಿಮ್ಮ ಪರಿಚಿತರೋ ಕಾಲಿಡದೆ ಒಂದು ಯೂರೋ ಕೂಡ ಕಳಿಸಬೇಡಿ.

ಮನೆಮಂದಿಯನ್ನು ಕರೆದೊಯ್ಯುವುದಾದರೆ

ಮೂರೂ ದಾರಿಯಲ್ಲಿ (ಬ್ಲೂ ಕಾರ್ಡ್, ಹೈಲಿ ಸ್ಕಿಲ್ಡ್ ಮೈಗ್ರೆಂಟ್, ಐರ್ಲೆಂಡಿನ ಕ್ರಿಟಿಕಲ್ ಸ್ಕಿಲ್ಸ್ ಪರ್ಮಿಟ್) ಸಂಗಾತಿ ಕೆಲಸ ಮಾಡಬಹುದು. ಬ್ಲೂ ಕಾರ್ಡ್ ಹೊಂದಿದವರ ಸಂಗಾತಿಗೆ ವೀಸಾಕ್ಕಾಗಿ ಜರ್ಮನ್ ಪರೀಕ್ಷೆಯೂ ಬೇಡ. ಅನುಮತಿ ಇದೆ ಎಂದಮಾತ್ರಕ್ಕೆ ಕೆಲಸ ಸಿಕ್ಕಿತು ಎಂದಲ್ಲ. ಶಿಕ್ಷಕಿ, ಅಕೌಂಟೆಂಟ್, ಎಚ್‌ಆರ್ ಮುಂತಾದ ಕೆಲಸದಲ್ಲಿರುವ ಸಂಗಾತಿಗೆ ಬರ್ಲಿನ್‌ನಲ್ಲಿ ಭಾಷೆ ಕಲಿಯದೆ ದಾರಿಯಿಲ್ಲ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇಂಗ್ಲಿಷ್ ಬಹುದೂರ ನಡೆಯುತ್ತದೆ, ಡಬ್ಲಿನ್‌ನಲ್ಲಿ ಭಾಷೆಯ ಅಡ್ಡಿಯೇ ಇಲ್ಲ. ಸಂಗಾತಿಯ ವೃತ್ತಿ ಮುಖ್ಯವಾದ ಮನೆಗೆ ಡಬ್ಲಿನ್‌ನ ಬಾಡಿಗೆಯನ್ನೂ ಸಹಿಸಬಹುದು.

ಸಂಗಾತಿ ಕೆಲವು ವರ್ಷ ಮಕ್ಕಳ ಜೊತೆ ಮನೆಯಲ್ಲಿರುವುದಾದರೆ ಬರ್ಲಿನ್ ಎದುರು ಉಳಿದೆರಡು ಊರು ನಿಲ್ಲುವುದು ಕಷ್ಟ. ಸಾರ್ವಜನಿಕ ಆರೋಗ್ಯ ವಿಮೆಯಲ್ಲಿ ದುಡಿಯದ ಸಂಗಾತಿ, ಮಕ್ಕಳು ಎಲ್ಲರೂ ಒಂದೇ ಕಂತಿನಲ್ಲಿ ಸೇರುತ್ತಾರೆ. ಮಗುವಿಗೆ ತಿಂಗಳಿಗೆ 255 ಯೂರೋ ಕಿಂಡರ್‌ಗೆಲ್ಡ್ ಎಂಬ ಸರ್ಕಾರಿ ಮಕ್ಕಳ ಭತ್ಯೆ (2025). ಶಿಶುವಿಹಾರಕ್ಕೆ ಬರ್ಲಿನ್‌ನಲ್ಲಿ ಶುಲ್ಕವಿಲ್ಲ, ಊಟಕ್ಕೆ ತಿಂಗಳಿಗೆ 23 ಯೂರೋ. ಜಾಗ ಹುಡುಕುವುದಕ್ಕೆ ಮಾತ್ರ ತಾಳ್ಮೆ ಬೇಕು. ಯುವಕರಾಗಿದ್ದಾಗ ಕಂತು ಕಡಿಮೆ ಎಂದು ಖಾಸಗಿ ಆರೋಗ್ಯ ವಿಮೆಗೆ ಹೋಗುವವರಿದ್ದಾರೆ (2025ರಲ್ಲಿ 73,800 ಮೀರಿದ ಸಂಬಳದವರಿಗೆ ಆ ಅವಕಾಶವಿತ್ತು). ಕುಟುಂಬ ಬರುವುದಾದರೆ ಆ ಕಡೆ ತಲೆ ಹಾಕಬೇಡಿ. ಅಲ್ಲಿ ಪ್ರತಿಯೊಬ್ಬರಿಗೂ ಬೇರೆ ಕಂತು, ಸಾರ್ವಜನಿಕ ವಿಮೆಗೆ ಮರಳುವ ಬಾಗಿಲು ಕಿರಿದು.

ನೆದರ್ಲೆಂಡ್ಸ್‌ನಲ್ಲಿ ದೊಡ್ಡವರಿಗೆ ತಲಾ ಒಂದು ವಿಮೆ, 18ರ ಒಳಗಿನವರಿಗೆ ಉಚಿತ. ವರ್ಷದ ಮೊದಲ 385 ಯೂರೋ ಖರ್ಚು ನಿಮ್ಮದೇ, ಆದರೆ ಮನೆವೈದ್ಯರ ಭೇಟಿ ಅದರಲ್ಲಿ ಸೇರದು. ನಾಲ್ಕು ತಿಂಗಳೊಳಗೆ ವಿಮೆ ಮಾಡಿಸಬೇಕು. ಕೊನೆಯ ವಾರದಲ್ಲಿ ಮಾಡಿಸಿದರೂ ಕಂತನ್ನು ಮೊದಲ ದಿನದಿಂದ ಲೆಕ್ಕ ಹಾಕಿ ವಸೂಲಿ ಮಾಡುತ್ತಾರೆ, ಹಾಗಾಗಿ ಮುಂದೂಡಿ ಲಾಭವಿಲ್ಲ. ಶಿಶುವಿಹಾರದ ಸಹಾಯಧನ ಸಿಗಲು ತಂದೆ ತಾಯಿ ಇಬ್ಬರೂ ದುಡಿಯುತ್ತಿರಬೇಕು. ನಾಲ್ಕು ವರ್ಷಕ್ಕೆ ಉಚಿತ ಶಾಲೆ ಶುರು.

ಐರ್ಲೆಂಡ್‌ನಲ್ಲಿ ವೈದ್ಯರನ್ನು ಒಮ್ಮೆ ಕಂಡರೆ 50 ರಿಂದ 70 ಯೂರೋ ಬಿಚ್ಚಬೇಕು. ಎಂಟು ವರ್ಷದೊಳಗಿನ ಮಕ್ಕಳಿಗೆ ಕಾರ್ಡ್ ಮಾಡಿಸಿದರೆ ಉಚಿತ. ಖಾಸಗಿ ವಿಮೆಯಲ್ಲಿ ಹೆರಿಗೆಗೆ 52 ವಾರ, ಮೊದಲೇ ಇದ್ದ ಕಾಯಿಲೆಗೆ ಐದು ವರ್ಷ ಕಾಯಬೇಕು. ವಯಸ್ಸು 35 ತುಂಬಿದವರು ನೆಲೆಸಿದ ಒಂಬತ್ತು ತಿಂಗಳೊಳಗೆ ವಿಮೆ ಮಾಡಿಸದಿದ್ದರೆ ತಡವಾದ ಪ್ರತಿ ವರ್ಷಕ್ಕೂ ಕಂತು ಏರುತ್ತದೆ.

ಊರಲ್ಲಿರುವ ದುಡ್ಡು

ಇದನ್ನು ಆಫರ್ ಹೋಲಿಸುವಾಗ ಯಾರೂ ಲೆಕ್ಕಕ್ಕೆ ತರುವುದಿಲ್ಲ. ಭಾರತದಲ್ಲಿ ಎಫ್‌ಡಿ, ಷೇರು, ಮ್ಯೂಚುವಲ್ ಫಂಡ್ ಎಂದು ದೊಡ್ಡ ಮೊತ್ತ ಇಟ್ಟವರು ನೆದರ್ಲೆಂಡ್ಸ್‌ಗೆ ಹೋದರೆ ಅಲ್ಲಿನ ‘ಬಾಕ್ಸ್ 3’ ತೆರಿಗೆ ಆ ಉಳಿತಾಯವನ್ನೂ ಮುಟ್ಟುತ್ತದೆ. 2025ರಲ್ಲಿ ತಲಾ 57,684 ಯೂರೋವರೆಗೆ ವಿನಾಯಿತಿ. ಮೊದಲು 30 ಪರ್ಸೆಂಟ್ ರೂಲಿಂಗ್ ಇದ್ದವರಿಗೆ ಇದರಿಂದ ತಪ್ಪಿಸಿಕೊಳ್ಳುವ ಆಯ್ಕೆಯಿತ್ತು, 2025ರಿಂದ ಹೊಸಬರಿಗೆ ಅದಿಲ್ಲ. ಜರ್ಮನಿಯಲ್ಲಿ ಭಾರತದ ಬಡ್ಡಿ ಆದಾಯವನ್ನು ರಿಟರ್ನ್‌ನಲ್ಲಿ ತೋರಿಸಬೇಕು. ಐರ್ಲೆಂಡ್ ಈ ವಿಷಯದಲ್ಲಿ ಉದಾರಿ: ಹೊರಗಿನಿಂದ ಬಂದು ನೆಲೆಸಿದವರ ಭಾರತದ ಆದಾಯ ಭಾರತದಲ್ಲೇ ಉಳಿದರೆ, ಐರ್ಲೆಂಡಿಗೆ ತರದಿದ್ದರೆ, ಅಲ್ಲಿ ತೆರಿಗೆಯಿಲ್ಲ. ಎಲ್ಲಿಗೇ ಹೋಗಿ, ಹೊರಟ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿ ಭಾರತೀಯರ ಖಾತೆ) ಆಗಿ ಬದಲಿಸಲೇಬೇಕು.

ವಾಪಸು ಬರುವ ಯೋಚನೆ ಇರುವವರಿಗೆ ಜರ್ಮನಿಯಲ್ಲೊಂದು ಅನುಕೂಲ: 60 ತಿಂಗಳಿಗಿಂತ ಕಡಿಮೆ ಪಿಂಚಣಿ ಕಟ್ಟಿದ್ದರೆ, ಯೂರೋಪಿಯನ್ ಒಕ್ಕೂಟ ಬಿಟ್ಟ 24 ತಿಂಗಳ ನಂತರ ನಿಮ್ಮ ಪಾಲಿನ ಕಂತನ್ನು ಮರಳಿ ಕೇಳಬಹುದು. 80 ಸಾವಿರ ಸಂಬಳಕ್ಕೆ ಅದು ವರ್ಷಕ್ಕೆ 7,440 ಯೂರೋ. ಮೇಲೆ ಬರ್ಲಿನ್‌ಗೆ 4,000 ಎಂದದ್ದಕ್ಕೆ ಇದನ್ನೂ ಸೇರಿಸಿ ನೋಡಿದರೆ ಅಂತರ ಎಷ್ಟೋ ಕಿರಿದಾಗುತ್ತದೆ.

ಕೆಲಸ ಹೋದರೆ, ಅಥವಾ ಅಲ್ಲೇ ಉಳಿಯುವುದಾದರೆ

ಜರ್ಮನಿಯಲ್ಲಿ ಪ್ರೊಬೇಶನ್ ಆರು ತಿಂಗಳಿರುವುದು ವಾಡಿಕೆ, ಆ ಅವಧಿಯಲ್ಲಿ ಎರಡು ವಾರದ ನೋಟಿಸ್ ಕೊಟ್ಟು ಕಳಿಸಬಹುದು. ನೆದರ್ಲೆಂಡ್ಸ್‌ನಲ್ಲಿ ಗರಿಷ್ಠ ಎರಡೇ ತಿಂಗಳು, ಆದರೆ ಮೊದಲ ಕರಾರು ಒಂದು ವರ್ಷದ್ದಾಗಿರುವುದು ಹೆಚ್ಚು. ಕೆಲಸ ಹೋದರೆ ಹೊಸದು ಹುಡುಕಲು ಅಲ್ಲಿ ಮೂರು ತಿಂಗಳವರೆಗೆ ಕಾಲಾವಕಾಶ. ಐರ್ಲೆಂಡ್‌ನಲ್ಲಿ ಮೊದಲ ಒಂಬತ್ತು ತಿಂಗಳು ಕಂಪನಿ ಬದಲಿಸುವಂತಿಲ್ಲ.

ಕಾಯಂ ವಾಸಕ್ಕೆ ಬ್ಲೂ ಕಾರ್ಡ್‌ನವರು 27 ತಿಂಗಳಿಗೆ ಅರ್ಹರು, ಬಿ1 ಮಟ್ಟದ ಜರ್ಮನ್ ಬಂದರೆ 21 ತಿಂಗಳಿಗೇ. ಐರ್ಲೆಂಡ್‌ನಲ್ಲಿ 21 ತಿಂಗಳ ನಂತರ ‘ಸ್ಟ್ಯಾಂಪ್ 4’, ಆಮೇಲೆ ಪರ್ಮಿಟ್ಟಿನ ಹಂಗಿಲ್ಲ. ನೆದರ್ಲೆಂಡ್ಸ್‌ನಲ್ಲಿ ಐದು ವರ್ಷ ಮತ್ತು ಡಚ್ ಪರೀಕ್ಷೆ. ಐರ್ಲೆಂಡ್ ಷೆಂಗನ್‌ನಲ್ಲಿಲ್ಲ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಕೂಟ) ಎಂಬುದನ್ನು ನೆನಪಿಡಿ: ವಾರಾಂತ್ಯಕ್ಕೆ ಪ್ಯಾರಿಸ್‌ಗೆ ಹೋಗಲೂ ಭಾರತೀಯ ಪಾಸ್‌ಪೋರ್ಟಿಗೆ ಬೇರೆ ವೀಸಾ ಬೇಕು.

ಕಾರು ಓಡಿಸುವವರಿಗೆ: ನಮ್ಮ ಲೈಸೆನ್ಸ್ ಜರ್ಮನಿಯಲ್ಲಿ ಆರು ತಿಂಗಳು ನಡೆಯುತ್ತದೆ, ಆಮೇಲೆ ಲಿಖಿತ ಮತ್ತು ರಸ್ತೆ ಪರೀಕ್ಷೆ ಎರಡೂ ಬರೆದು ಮುಗಿಸಬೇಕು. ನೆದರ್ಲೆಂಡ್ಸ್‌ನಲ್ಲಿ ರೂಲಿಂಗ್ ಸಿಕ್ಕವರೂ ಅವರ ಮನೆಯವರೂ ಪರೀಕ್ಷೆಯಿಲ್ಲದೆ ಡಚ್ ಲೈಸೆನ್ಸ್ ಪಡೆಯಬಹುದು. ಡಬ್ಲಿನ್‌ನಲ್ಲಿ ನಮ್ಮಂತೆಯೇ ಎಡಬದಿ, ಆದರೂ ಲರ್ನರ್‌ನಿಂದಲೇ ಶುರು.

ಹೊರಡುವ ಮುಂಚೆ ಇಲ್ಲೇ ಮುಗಿಸಬೇಕಾದದ್ದು

ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಕಾಲಮ್ ಖಾಲಿ ಇರುವುದು ನಮ್ಮವರಲ್ಲಿ ಬಹಳ. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ಶಾಲೆಯ ದಾಖಲೆಯಲ್ಲಿ ಒಂದು ಕಡೆ, ಪದವಿ ಪತ್ರದಲ್ಲಿ ಬಿಡಿಸಿ ಬರೆದದ್ದು ಇನ್ನೊಂದು ಕಡೆ. ಯೂರೋಪಿನ ಪ್ರತಿ ಫಾರಮ್ಮೂ ಎರಡು ಹೆಸರು ಕೇಳುತ್ತದೆ. ವೀಸಾ ಅರ್ಜಿಗೆ ಮೊದಲೇ ಪಾಸ್‌ಪೋರ್ಟ್ ತಿದ್ದಿಸಿ. ವೀಸಾ ಬಂದ ಮೇಲೆ ತಿದ್ದಿಸಿದರೆ ಎಲ್ಲವೂ ಮೊದಲಿನಿಂದ.

ಜನನ ಪ್ರಮಾಣಪತ್ರ ಕನ್ನಡದಲ್ಲಿ ಮಾತ್ರ ಇದ್ದರೆ, ಅಥವಾ ಹಳೆಯ ಪತ್ರಗಳಲ್ಲಿ ಆಗುವಂತೆ ಮಗುವಿನ ಹೆಸರೇ ನಮೂದಾಗದಿದ್ದರೆ, ನೋಂದಣಾಧಿಕಾರಿಯ ಬಳಿ ಹೆಸರು ಸೇರಿಸಿ ಇಂಗ್ಲಿಷ್ ಇರುವ ಪ್ರತಿ ಪಡೆಯಿರಿ. ಡಚ್ ನೋಂದಣಿಗೆ ಅದರ ಮೇಲೂ ಮದುವೆ ಪ್ರಮಾಣಪತ್ರದ ಮೇಲೂ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ (ಪತ್ರ ಅಸಲಿ ಎಂಬ ಮುದ್ರೆ) ಬೇಕು, ಅದಕ್ಕೂ ಮೊದಲು ರಾಜ್ಯದ ದೃಢೀಕರಣ. ಜರ್ಮನಿಗೆ ಹೋಗುವವರು ವಿದೇಶಿ ಪದವಿಗಳ ಪಟ್ಟಿಯಿರುವ ‘ಅನಾಬಿನ್’ ಎಂಬ ತಾಣದಲ್ಲಿ ತಮ್ಮ ವಿಶ್ವವಿದ್ಯಾಲಯಕ್ಕೆ ಎಚ್ ಪ್ಲಸ್ (ಮಾನ್ಯತೆ ಇದೆ ಎಂಬ ಗುರುತು) ಇದೆಯೇ ನೋಡಬೇಕು. ಕಾಲೇಜಿನ ಹೆಸರಲ್ಲಿ ಹುಡುಕಿ ಸಿಗಲಿಲ್ಲ ಎಂದು ಗಾಬರಿಯಾಗಬೇಡಿ, ಪದವಿ ಕೊಟ್ಟ ವಿಶ್ವವಿದ್ಯಾಲಯದ ಹೆಸರಲ್ಲಿ ಹುಡುಕಿ. ಪದವಿ ಪಟ್ಟಿಯಲ್ಲಿಲ್ಲದಿದ್ದರೆ 208 ಯೂರೋ ಕೊಟ್ಟು ಪದವಿಯ ಸಮಾನತೆಯ ಪತ್ರ ತರಿಸಬೇಕು. ಅದು ಕೈಗೆ ಬರುವವರೆಗೆ ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.